ನಳ ಬಂದ ದಿನ ನಿಂತುಹೋಗುತ್ತಿದ್ದ ಕೈಮಾತು

ನನ್ನ ಅಕ್ಕನ ಮಗಳಿಗೆ ಕಿವಿ ಕೇಳುವುದಿಲ್ಲ. ಆರು ವರ್ಷದ ಆ ಮಗು ದೇವದುರ್ಗದಲ್ಲಿರುತ್ತಾಳೆ; ನಾನು, ಅವ್ವ ರಾಯಚೂರಿನಲ್ಲಿ. ದಿನವೂ ಸಂಜೆ ಅಜ್ಜಿ ಮೊಮ್ಮಗಳು ವಿಡಿಯೋ ಕರೆಯಲ್ಲಿ ಕೈಗಳಿಂದ ಮಾತಾಡುತ್ತಾರೆ. ಅದು ಯಾವ ಶಾಲೆಯೂ ಕಲಿಸಿದ ಭಾಷೆಯಲ್ಲ. ಮಗು ನಮ್ಮಲ್ಲಿದ್ದ ಎರಡು ವರ್ಷಗಳಲ್ಲಿ ಇಬ್ಬರೂ ಕೂಡಿ ಕಟ್ಟಿಕೊಂಡದ್ದು. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ. ಬೆರಳಿನಿಂದ ಹೆರಳು ಹೆಣೆದರೆ ನಾನು. ಅಂಗೈ ಎತ್ತಿ ಅಲುಗಾಡಿಸದೆ ಹಿಡಿದರೆ ಸಿಟ್ಟು.

ಮನೆಗೆ ವೈಫೈ ಹಾಕಿಸಿದ್ದು ಇದಕ್ಕಾಗಿಯೇ. ಆದರೆ ಕೆಲವು ಸಂಜೆ ಚಿತ್ರ ನಡುವೆಯೇ ನಿಂತುಬಿಡುತ್ತಿತ್ತು. ಕೇಳುವವರಿಗಾದರೆ ಧ್ವನಿಯಾದರೂ ಉಳಿದೀತು. ಆ ಮಗುವಿಗೆ ನಿಂತ ಚಿತ್ರವೆಂದರೆ ನಿಂತ ಅಜ್ಜಿ. ಒಂದು ಸಂಜೆ ಅವ್ವನ ಅಂಗೈ ಮೇಲೆದ್ದ ಕ್ಷಣದಲ್ಲೇ ಚಿತ್ರ ಹೆಪ್ಪುಗಟ್ಟಿತು. ಮರುದಿನ ಅಕ್ಕ ಕರೆ ಮಾಡಿ ಹೇಳಿದಳು: “ಆಯಿ ನನ್ನ ಮ್ಯಾಲ ಸಿಟ್ಟಾಗ್ಯಾಳ ಅಂತ ಕುಂತಾಳ ನೋಡು. ಫೋನ್ ಹಿಡದ್ರ ಮಾರಿ ತಿರುವತಾಳ.” ಆ ಆಯಿ, ಅಂದರೆ ನಮ್ಮ ಅವ್ವ, ಸಂಜೆಯಾದೊಡನೆ ಮೊಬೈಲಿನ ಮುಂದೆ ಕೂತು, ಬಾರದ ಮಗುವಿಗಾಗಿ ಕಾಯುತ್ತಿದ್ದಳು.

ನಾನು ವೈಫೈ ಕಂಪನಿಯ ಬೆನ್ನು ಬಿದ್ದೆ. ಮಾತು ಕೊಟ್ಟವರು ಉತ್ತರ ಕೊಡಲೇಬೇಕೆಂದು ನಂಬಿ ಬೆಳೆದವಳು ನಾನು. ಮಾನ್ವಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಮರಳುವಾಗ ಬಸ್ಸಿನಲ್ಲೇ ಕಂಪನಿಗೆ ದೂರು ಬರೆಯುತ್ತಿದ್ದೆ. ಚಿತ್ರ ನಿಂತ ದಿನಗಳ ಪಟ್ಟಿಯನ್ನೂ ಇಟ್ಟಿದ್ದೆ. ದಿನ ಬಿಟ್ಟು ದಿನ! ಇದು ಆಕಸ್ಮಿಕವಾಗಿರಲು ಹೇಗೆ ಸಾಧ್ಯ? ಕಂಪನಿಯವರು ಬೇಕೆಂದೇ ಸಿಗ್ನಲ್ ಕಡಿತ ಮಾಡುತ್ತಿದ್ದಾರೆಂದು ತೀರ್ಮಾನಿಸಿಬಿಟ್ಟೆ.

ಕಡೆಗೆ ಕಂಪನಿಯವರು ಒಬ್ಬ ನಡುವಯಸ್ಸಿನ ರಿಪೇರಿಯವರನ್ನು ಕಳಿಸಿದರು. ಫೋನಿನಲ್ಲಿ ಯಾರೊಂದಿಗೋ ದಖನಿ ಉರ್ದುವಿನಲ್ಲಿ ಮಾತಾಡುತ್ತಲೇ ಒಳಬಂದರು. ಅವ್ವ ನೀರು ಕೊಟ್ಟಳು. ನಾನು ಕೈಮಾತಿನ ಕಥೆಯೆಲ್ಲ ಹೇಳಿ, ಪಟ್ಟಿ ಹಿಡಿದು ನಿಂತೆ.

“ಪವರ್ ಹೆಚ್ಚು ಮಾಡ್ರಿ. ದಿನ ಬಿಟ್ಟು ದಿನ ನೀವ ಕಡಿಮಿ ಮಾಡಾಕತ್ತೀರಿ. ಪುರಾವೆ ಅದ ನನ್ನ ಹತ್ರ.”

“ಅರೇ ಮೇಡಮ್ಮಾರ, ಈ ವೈಫೈ ಡಬ್ಬಿ ಎಷ್ಟು ಜೋರು ಕೂಗಬೇಕು ಅಂತ ಸರ್ಕಾರ ಹಾಕಿದ ಹದ್ದು ಅದರೀ, ಅದನ್ನ ದಾಟಂಗಿಲ್ಲ. ಓಣಿಯಾಗ ಮನಿಗೊಂದು ಡಬ್ಬಿ, ಎಲ್ಲಾಕೂ ಇರೋದು ಒಂದ ಗಾಳಿ. ನಿಮ್ದು ಚೀರಿದ್ರ ಬಾಜೂ ಮನೀದು ಕೇಳಂಗಿಲ್ಲ.”

“ಹಂಗಂತ ಹಾಕೂ ಮುಂದ ಯಾಕ ಹೇಳಲಿಲ್ಲ?”

“ಇರ್ಲಿ ಕೇಳ್ರಿ. ಹೆಚ್ಚು ಮಾಡಿದ್ರೂ ಫಾಯ್ದಾ ಇಲ್ಲ. ಡಬ್ಬಿ ಕೂಗಿದ್ದು ಮೊಬೈಲಿಗೆ ಕೇಳ್ತದ, ಖರೆ. ಅಮ್ಮನ ಕೈಮಾತು ಮೊಬೈಲಿಂದ ವಾಪಸ್ ಡಬ್ಬಿಗೆ ಬರಬೇಕಲ್ರೀ? ಆ ಬಡಪಾಯಿ ಮೊಬೈಲಿನ ದನಿ ಸಣ್ಣದು.”

ನಾನು ಸೋಲಲಿಲ್ಲ. ಪಟ್ಟಿಯನ್ನು ಗಟ್ಟಿಯಾಗಿ ಓದಿದೆ: ಸೋಮವಾರ, ಬುಧವಾರ, ಶುಕ್ರವಾರ... ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತಿದಳು.

“ಅಲ್ಲಬೇ, ಅವೆಲ್ಲ ನಳ ಬಂದ ದಿನ ಅಲ್ಲೇನು?”

ಮೂವರೂ ಡಬ್ಬಿಯತ್ತ ತಿರುಗಿದೆವು. ಅದು ಪಡಸಾಲೆಯ ಕಲ್ಲುಗೋಡೆಯ ಗೂಡಿನಂಥ ಮಾಡದೊಳಗಿತ್ತು. ಮಾಡದ ಮುಂದಿನ ಕಟ್ಟೆ ನಮ್ಮ ಮನೆಯ ನೀರಿನ ಜಾಗ. ನಳದಲ್ಲಿ ನೀರು ಬಂದ ದಿನ ಅಲ್ಲಿ ತುಂಬಿದ ಸ್ಟೀಲ್ ಕೊಡಗಳು ಒಂದರ ಮೇಲೊಂದು ಏರುತ್ತವೆ. ಮರುದಿನದ ಹೊತ್ತಿಗೆ ಬರಿದಾಗಿ, ತೊಳೆಸಿಕೊಂಡು ಹಿತ್ತಲಲ್ಲಿ ಬೋರಲು ಬೀಳುತ್ತವೆ. ಅಂದು ನಳ ಬಂದಿತ್ತು. ಡಬ್ಬಿಯ ಹಸಿರು ದೀಪವೂ ಕಾಣುತ್ತಿರಲಿಲ್ಲ.

“ಯಾ ಅಲ್ಲಾ!” ಅವರು ನಕ್ಕುಬಿಟ್ಟರು. “ಸ್ಟೀಲು ಹಿಂದಕ್ಕ ದಬ್ಬತದ, ನೀರು ಇದ್ದಬದ್ದ ಸಿಗ್ನಲ್ ಕುಡೀತದ. ಮ್ಯಾಲ ಈ ಕಲ್ಲಗ್ವಾಡಿ. ಕಿಲ್ಲಾ ಕಟ್ಟೀರಲ್ರೀ! ಇಲ್ಲಿ ಇಡ್ರಿ ಅಂದವರು ಯಾರು?”

ನಾನೇ. ಪ್ಲಗ್ ಅಲ್ಲಿತ್ತು, ನನಗೆ ಬಸ್ಸಿನ ಅವಸರವಿತ್ತು. ಜೋಡಿಸಲು ಬಂದವನು ಒಂದು ಮಾತು ಹೇಳಬೇಕಿತ್ತು, ಅದು ಅವರ ಹೊಣೆ. ಆ ದೂರನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಆದರೆ ದಿನ ಬಿಟ್ಟು ದಿನ ಕೊಡ ಹೊತ್ತು ತಂದು, ಆ ಕೋಟೆಗೆ ಕಲ್ಲಿಟ್ಟವಳೂ ನಾನೇ ಎಂಬುದನ್ನು ಯಾವ ದೂರಿನಲ್ಲಿ ಬರೆಯಲಿ?

“ಕೊಡ ಎಲ್ಲೀಗೂ ಹೋಗಂಗಿಲ್ಲ,” ಎಂದಳು ಅವ್ವ. “ಡಬ್ಬಿ ಹೋಗಲಿ.”

ಉದ್ದದ ವೈರ್ ಎಳೆದು ಡಬ್ಬಿಯನ್ನು ಅಡುಗೆಮನೆಯ ಬಾಗಿಲ ಮೇಲೆ, ಎತ್ತರದಲ್ಲಿ, ಬಯಲಾಗಿ ಕೂರಿಸಿದರು. ಓಣಿಯ ಡಬ್ಬಿಗಳೆಲ್ಲ ಕಿಕ್ಕಿರಿದಿದ್ದ ಚಾನೆಲ್ ಬಿಡಿಸಿ ಬೇರೊಂದಕ್ಕೆ ಹಚ್ಚಿದರು. ಅವ್ವನಿಗೆ ಡಬ್ಬಿ ನೇರ ಕಾಣುವಂತೆ ಕೂರಲು ಹೇಳಿದರು. ಪವರ್ ಎಳ್ಳಷ್ಟೂ ಹೆಚ್ಚಿಸಲಿಲ್ಲ.

ಆ ಸಂಜೆ ಅಕ್ಕ ಪುಸಲಾಯಿಸಿ ಮಗುವನ್ನು ಕೂರಿಸಿದಳು. ಕಾಣುತ್ತಿದ್ದುದು ಅವಳ ಬೆನ್ನು, ಎರಡು ಜಡೆ. ಅವ್ವ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ಓರೆಯಾಗಿ ಇತ್ತ ನೋಡಿತು. ಅವ್ವನ ಕೈಗಳು ಶುರುವಾದವು. ಸಿಟ್ಟಲ್ಲ, ಸಿಟ್ಟಿರಲೇ ಇಲ್ಲ. ಮೊಬೈಲನ್ನು ಕಟ್ಟೆಯ ಕಡೆ ತಿರುಗಿಸಿ ತೋರಿಸಿದಳು: ಇಷ್ಟು ಕೊಡ, ಇಷ್ಟು ನೀರು, ನಡುವೆ ದಾರಿ ಬಂದ್. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

ಮಗು ಪೂರ್ತಿ ತಿರುಗಿದಳು. ಹುಬ್ಬು ಗಂಟಿಕ್ಕಿ ಕೈ ಚಾಚಿ ಕೇಳಿದಳು: ಇಟ್ಟವರು ಯಾರು?

ಅವ್ವ ತನ್ನೆದೆಯ ಮೇಲೆ ಬೆರಳಿಟ್ಟುಕೊಳ್ಳುವ ಮೊದಲೇ ನಾನು ಚೌಕಟ್ಟಿನೊಳಗೆ ನುಗ್ಗಿ ಹೆರಳು ಹೆಣೆದು ತೋರಿಸಿದೆ. ನ್ಯಾಯ ತಡವಾಗಲಿಲ್ಲ. ಪುಟ್ಟ ನ್ಯಾಯಾಧೀಶೆ ತನ್ನೆರಡು ಕಿವಿ ಹಿಡಿದು ತೋರಿಸಿ, ಹತ್ತೂ ಬೆರಳು ಬಿಚ್ಚಿದಳು.

ಪಡಸಾಲೆಯ ನಡುವೆ ಕಿವಿ ಹಿಡಿದು ಹತ್ತು ಬಸ್ಕಿ ಹೊಡೆದೆ. ಅಜ್ಜಿ ಮೊಮ್ಮಗಳು ಒಂದೊಂದೇ ಬೆರಳು ಮಡಚುತ್ತ, ನಗುತ್ತ, ಎಣಿಸಿದರು.