ಬಾರೀಕ ಹಲ್ಲಿನ ಬ್ಲೇಡು

ಸುರಪುರದ ಹಂಪಮ್ಮನ ರೊಟ್ಟಿ ಅಂಗಡಿ ಒಂದು ತಗಡಿನ ಶೆಡ್ಡು. ಒಳಗೆ ಹಗಲಲ್ಲೂ ಕತ್ತಲೆ. ರೊಟ್ಟಿ ಬೇಯಿಸುವ ಹಂಚಿನ ಅಂಚು ಕಾಣದೆ ಆಕೆಯ ಬೆರಳು ಸುಡುತ್ತಲೇ ಇದ್ದವು. ಬೆಳಕು ಬಿಡುವ ತೆಳು ಫೈಬರ್ ಶೀಟು ಕೂರಿಸಲು ಬಂದವನು ಬಡಿಗ ಅಮೀನಸಾಬ. ಒಂದು ಕಾಲಕ್ಕೆ ಸಾಗವಾನಿ ಬಾಗಿಲು ಮಾಡಿದವನು. ಈಗ ಬಾಗಿಲುಗಳು ತಯಾರಾಗಿಯೇ ಲಾರಿಯಲ್ಲಿ ಬರುತ್ತವೆ. ಅವನ ಪಾಲಿಗೆ ಉಳಿದದ್ದು ತಗಡು, ಫೈಬರು, ಮೊಣಕಾಲ ನೋವು.

ಮೇಲಿನ ತಗಡು ಬಿಚ್ಚಿಯಾದ ಮೇಲೆ ಕೈಗರಗಸದ ಬ್ಲೇಡು ಮುರಿಯಿತು. ಹಾರ್ಡ್‌ವೇರ್ ಅಂಗಡಿಯ ಸಂಗಣ್ಣನಿಗೆ ಫೋನ್ ಮಾಡಿ, "ಬಾರೀಕ ಹಲ್ಲಿಂದು ಕಳಸ್ರಿ" ಎಂದ. ಟಂಟಂ ಆಟೋದಲ್ಲಿ ಬಂದದ್ದು ಸಣ್ಣ ಹಲ್ಲಿನದಲ್ಲ, ದೊಡ್ಡ ಹಲ್ಲಿನದು. ತೆಳು ಶೀಟನ್ನು ಅದು ಕೊಯ್ಯುವುದಿಲ್ಲ, ಕಚ್ಚುತ್ತದೆ. ಗೊತ್ತಿತ್ತು. ಆದರೆ ಆ ಬಿಸಿಲಲ್ಲಿ ಏರು ಹತ್ತಿ ಅಂಗಡಿಗೆ ಹೋಗಲು ಜೀವ ಬರಲಿಲ್ಲ.

"ನಡೀತದ ಬಿಡು" ಅಂದುಕೊಂಡ.

ಎರಡೇ ಎಳೆತಕ್ಕೆ ಚಟ್ಟೆಂದು ಬಿರುಕು ನಡುವಿನವರೆಗೂ ಓಡಿತು.

"ಇರೂದು ಒಂದ ಶೀಟು, ಅಮೀನಣ್ಣ! ಮ್ಯಾಲ ನೋಡು, ಮುಗಿಲ ಕಾಣಾಕತ್ತದ!" ಹಂಪಮ್ಮ ತಲೆ ಹಿಡಿದುಕೊಂಡಳು.

ಸಂಗಣ್ಣನ ಅಂಗಡಿಗೆ ಹೋಗಲೇಬೇಕಾಯಿತು.

"ಬಾರೀಕ ಅಂದಿದ್ದೆನ್ರಿ."

"ಭಾರಿ ಅಂದಂಗ ಕೇಳ್ತೋ ಯಪ್ಪಾ! ಬಾಜೂಕ ವೆಲ್ಡಿಂಗ್ ನಡದಿತ್ತು" ಎಂದ ಸಂಗಣ್ಣ.

"ನಿಮ್ದೇನ್ ತಪ್ಪಲ್ಲ ಬಿಡ್ರಿ. ನನ್ನ ಬಾಯಾಗೂ ಹಲ್ಲಿಲ್ಲ, ಅರ್ಧ ಮಾತು ಸೋರಿ ಹೋಗ್ತದ."

ಸಂಗಣ್ಣ ನಕ್ಕು ಕರೆಂಟಿನ ಗರಗಸ ಮುಂದಿಟ್ಟ. "ಇದನ್ನ ಒಯ್ಯಿ, ಕೈನೋವು ತಪ್ತದ."

"ಅದರ ಧೂಳು ಶೆಡ್ ತುಂಬ ಹಾರ್ತದ್ರಿ. ರೊಟ್ಟಿ ಹಿಟ್ಟು ಅದ ಅಲ್ಲಿ." ಹೆಬ್ಬೆರಳಿಂದ ಸವರಿ ಸವರಿ, ಎಲ್ಲಕ್ಕಿಂತ ಸಣ್ಣ ಹಲ್ಲಿನ ಬ್ಲೇಡು ಆರಿಸಿಕೊಂಡ.

ಮರಳಿ ಬಂದು, ಅಂಗಳದಲ್ಲಿ ಶೀಟನ್ನು ಎರಡು ಹಲಗೆಗಳ ನಡುವೆ ಬಿಗಿದು, ನೀರು ಚಿಮುಕಿಸಿ, ಗರಗಸ ಓರೆ ಹಿಡಿದು ಮೆಲ್ಲಗೆ ಎಳೆದ. ಬಿರುಕು ಬಿಟ್ಟ ಭಾಗ ಹೋಗಿ ಅರ್ಧ ಉಳಿಯಿತು. ಫೈಬರಿನ ಪುಡಿಗೆ ಮೈಯೆಲ್ಲ ನವೆ.

"ಇನ್ನರ್ಧಕ್ಕ ಹಳೇ ತಗಡೇ ಹಾಕಬೇಕು. ಬೆಳಕು ಎಲ್ಲಿ ಬೇಕವಾ? ರೊಟ್ಟಿ ಬಡಿಯೂ ಕಡಿಗೋ, ಒಲಿ ಕಡಿಗೋ?"

ಹಂಪಮ್ಮ ಬೆರಳಿನ ಬೊಬ್ಬೆ ನೋಡಿಕೊಂಡಳು. "ಒಲಿ ಕಡಿಗೇ ಹಾಕು. ಬಡಿಯೂದು ಕಣ್ಣ ಮುಚ್ಚಿದ್ರೂ ಬರ್ತದ."

ಸಂಜೆಯ ಹೊತ್ತಿಗೆ ಕೊನೆಯ ಮೊಳೆ ಕೂತಿತು.

"ಹಂಚು ಕಾಣಾಕತ್ತದೇನು?" ಏಣಿಯ ಮೇಲಿಂದ ಕೇಳಿದ.

"ಅಂಚು ಸೈತ ಕಾಣಾಕತ್ತದ. ಇಳದು ಬಾ, ಬಿಸಿ ರೊಟ್ಟಿ ತಿನ್ನು."

"ಬರ್ತೇನಿ, ತಡಿ. ಕಾಲು ಹೂಂ ಅನ್ಬೇಕಲ್ಲ."