ಫ್ರಿಜ್ ಆರಿಸಿ ಹಾಡಿದವನು

ನನ್ನ ತಮ್ಮನಿಗೆ ನೆರೆಹೊರೆಯವರು ಇಟ್ಟ ಹೆಸರು ‘ಇನ್ನೊಂದ್ಸಲ’. ಯಾವ ಹಾಡನ್ನೂ ಅವನು ಒಂದೇ ಸಲಕ್ಕೆ ಮುಗಿಸಿದ್ದನ್ನು ಯಾರೂ ಕಂಡಿಲ್ಲ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ. ಮಿಕ್ಕ ಹೊತ್ತು, ರಜೆಯ ದಿನಗಳು, ಎಲ್ಲ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಜಡಿದುಕೊಂಡು ‘ಸ್ವತಂತ್ರ ಸಂಗೀತಗಾರ’. ಸ್ವತಂತ್ರ ಎಂದರೆ ಯಾರ ಹಂಗೂ ಇಲ್ಲದವನು ಎಂದು ಅರ್ಥವಂತೆ. ಕೋಣೆ ನನ್ನದು, ಕರೆಂಟು ನನ್ನ ಗಂಡನದು, ಅಡುಗೆ ನನ್ನ ಕೈಯದು. ಸ್ವಾತಂತ್ರ್ಯ ಮಾತ್ರ ಪೂರ್ತಿ ಅವನದೇ.

ಹದಿನಾಲ್ಕು ವರ್ಷ ಅವನ ಹಾಡು ಕೇಳಿದವಳು ನಾನೊಬ್ಬಳೇ. ಒಂದು ಹಾಡು ಮುಗಿಯಿತೋ, ಓಡಿ ಬಂದು ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸುತ್ತಿದ್ದ. ಕೈಯಲ್ಲಿ ಮೈದಾ ಮೆತ್ತಿದೆಯೋ, ಒಲೆಯ ಮೇಲೆ ಏನಾದರೂ ಹೊತ್ತುತ್ತಿದೆಯೋ ಎಂಬ ಪರಿವೆ ಅವನಿಗಿಲ್ಲ.

“ಅಕ್ಕಾ, ನಿಜ ಹೇಳು. ನೀನು ಒಂದ್ಸಲ ಚೆನ್ನಾಗಿಲ್ಲ ಅಂದ್ರೆ ಸಾಕು, ಅವತ್ತೇ ಎಲ್ಲಾ ಕಟ್ಟಿಟ್ಟುಬಿಡ್ತೀನಿ.”

ಹಾಗೆಂದು ನನ್ನ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ಆ ಮುಖಕ್ಕೆ ನಿಜ ಹೇಳುವ ಎದೆಗಾರಿಕೆ ನನಗೆ ಎಲ್ಲಿಂದ ಬರಬೇಕು? “ಚೆನ್ನಾಗಿದೆ ಕಣೋ” ಎನ್ನುತ್ತಿದ್ದೆ. ಅವನ ಇಡೀ ಸಂಗೀತ ನಿಂತಿದ್ದು ನನ್ನ ಈ ಸುಳ್ಳಿನ ಮೇಲೆ. ನೀರೆರೆದು ಬೆಳೆಸಿದ ಪಾಪಿ ನಾನೇ.

ಮೊದಲು ರಾಕ್. ನಾನು ಮನೆಯಲ್ಲೇ ಕೇಕ್ ಮಾಡಿ ಕೊಡುವವಳು, ಮೊಟ್ಟೆಗೆ ಬರವಿಲ್ಲ. ಖಾಲಿ ಮೊಟ್ಟೆ ಟ್ರೇಗಳನ್ನೆಲ್ಲ ಹೊತ್ತೊಯ್ದು ಕೋಣೆಯ ಗೋಡೆಗೆ ಅಂಟಿಸಿದ. ಇನ್ನು ಸದ್ದು ಹೊರಗೆ ಹೋಗುವುದೇ ಇಲ್ಲ ಎಂದ. ಹೋಯಿತು. ಮೂರನೇ ದಿನ ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು.

“ಏನಮ್ಮಾ, ಯಾರನ್ನಾದ್ರೂ ಕೊಲ್ತಾ ಇದ್ದೀರಾ? ಬೇಗ ಮುಗಿಸಿಬಿಡಿ ತಾಯಿ, ಪಾಪ, ತುಂಬಾ ನರಳ್ತಾ ಇದೆ.”

ಆಮೇಲೆ ರ‍್ಯಾಪ್. “ಬೀದೀಲಿ ಬೆಳೆದೆ, ಬೆಂಕೀಲಿ ನಡೆದೆ” ಎಂದು ಎದೆ ಬಡಿದುಕೊಂಡು ಕೂಗುತ್ತಿದ್ದ. ಇಪ್ಪತ್ತು ದಾಟಿದ ಮೇಲೂ ದೊಡ್ಡ ರಸ್ತೆ ದಾಟಲು ನನ್ನ ಕೈ ಹಿಡಿದವನು ಇವನು. ಬೆಂಕಿಯ ವಿಷಯ ಹೇಳುವುದಾದರೆ, ಒಲೆ ಹಚ್ಚಲು ಈಗಲೂ ಬರುವುದಿಲ್ಲ. ಬಟ್ಟೆಯ ಬೀರುವಿನೊಳಗೆ ನುಸುಳಿ, ಇಸ್ತ್ರಿ ಮಾಡಿದ ನನ್ನ ಗಂಡನ ಪ್ಯಾಂಟುಗಳ ನಡುವೆ ನಿಂತು ಬೀದಿಯ ಸಂಕಟವನ್ನು ರೆಕಾರ್ಡ್ ಮಾಡಿದ. ‘ಪ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆಂದು ನನ್ನ ತೆಳು ಕಾಲುಚೀಲವೊಂದನ್ನು ತಂತಿಗೆ ಬಿಗಿದು ಅಡ್ಡ ಕಟ್ಟಿಕೊಂಡಿದ್ದ. ಒಗೆದದ್ದೋ ಇಲ್ಲವೋ, ಕೇಳಲಿಲ್ಲ.

ಅಷ್ಟರವರೆಗೆ ಅವನ ಗಲಾಟೆಯನ್ನು ನಾವು ತಡೆದುಕೊಂಡಿದ್ದೆವು. ಮುಂದಿನದು ಮೌನ ಸಂಗೀತ: ಒಂದು ಸ್ವರ ಹೊಡೆದು, ಅದು ಸಾಯುವವರೆಗೆ ಕಾದು, ಇನ್ನೊಂದು ಹೊಡೆಯುವುದು. ಈಗ ನಮ್ಮ ಗಲಾಟೆ ಅವನಿಗೆ ತಡೆಯಲಾಗದಾಯಿತು. ಕ್ರೀಮ್ ಕಡೆಯುವ ಯಂತ್ರ ಹಾಕುವಂತಿಲ್ಲ, ಫ್ಯಾನು ತಿರುಗುವಂತಿಲ್ಲ. ನನ್ನ ಗಂಡನಿಗೆ ಕೆಮ್ಮು ಬಂದರೆ ಕೆಳಗಿಳಿದು ಬೀದಿಯಲ್ಲಿ ಕೆಮ್ಮಿ ಬರಬೇಕು. “ಆ ರಾಕೇ ಎಷ್ಟೋ ವಾಸಿ ಇತ್ತು ಮಾರಾಯ್ತಿ” ಎಂದು ಅವರು ನಿಟ್ಟುಸಿರಿಟ್ಟರು, ಅದನ್ನೂ ಮೆಲ್ಲಗೆ.

ಎಲ್ಲಕ್ಕಿಂತ ದೊಡ್ಡ ಶತ್ರು ಫ್ರಿಜ್. ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತದೆಂದು ರೆಕಾರ್ಡ್ ಮಾಡುವಾಗ ಆರಿಸುತ್ತಿದ್ದ. ಮತ್ತೆ ಹಾಕಲು ಮರೆಯುತ್ತಿದ್ದ. ಎರಡು ಸಲ ನನ್ನ ಬೆಣ್ಣೆ ಹಾಳಾದ ಮೇಲೆ ಒಂದು ಉಪಾಯ ಕಲಿತು ಬಂದ. ಸ್ಕೂಟರಿನ ಕೀಲಿಯನ್ನು ಫ್ರಿಜ್ ಒಳಗೇ ಇಡುವುದು. ಹೊರಡುವಾಗ ಕೀಲಿಗಾಗಿ ಬಾಗಿಲು ತೆರೆದರೆ ತಾನಾಗಿ ನೆನಪಾಗುತ್ತದೆ. ಇಷ್ಟು ಬುದ್ಧಿ ಇದ್ದವನು ನೆನಪಿಟ್ಟುಕೊಳ್ಳುವುದನ್ನೇ ಕಲಿಯಬಹುದಿತ್ತು.

ಹೋದ ಬೇಸಿಗೆಯಲ್ಲಿ, ಎರಡು ವರ್ಷ ಬೆನ್ನು ಬಿದ್ದ ಮೇಲೆ, ಕಾಫಿ ಅಂಗಡಿಯೊಡತಿ ನನ್ನ ಕೇಕಿನ ರುಚಿ ನೋಡಲು ಒಪ್ಪಿದಳು. ಹಿಡಿಸಿದರೆ ಪ್ರತಿ ವಾರ ನನ್ನದೇ ಕೇಕು. ಮೂರು ಪದರದ ಕ್ರೀಮ್ ಕೇಕ್ ಮಾಡಿ ಫ್ರಿಜ್ಜಿನಲ್ಲಿಟ್ಟು, ಪೆಟ್ಟಿಗೆ ತರಲು ಬೆಳಿಗ್ಗೆ ಹೋದವಳು ಮರಳಿದ್ದು ಮಧ್ಯಾಹ್ನ. ಅಡುಗೆಮನೆ ನಿಶ್ಶಬ್ದವಾಗಿತ್ತು. ಫ್ರಿಜ್ಜಿನ ಗುಂಯ್ ಇಲ್ಲ. ಓಡಿ ಹೋಗಿ ನೋಡಿದೆ. ಕೀಲಿ ಒಳಗಿಟ್ಟ ಮಹಾಶಯ ಬಾಗಿಲನ್ನೂ ಸರಿಯಾಗಿ ಮುಚ್ಚಿರಲಿಲ್ಲ. ಅವತ್ತು ಅವನಿಗೆ ರಜೆ, ಎಲ್ಲಿಗೂ ಹೋಗುವುದಿರಲಿಲ್ಲ. ಕೀಲಿ ಬೇಕಾಗಲೇ ಇಲ್ಲ. ಕೇಕು ತೂಕಡಿಸುವ ಮುದುಕನ ಹಾಗೆ ಒಂದು ಮಗ್ಗುಲಿಗೆ ವಾಲಿ, ಕ್ರೀಮೆಲ್ಲ ತಟ್ಟೆಗಿಳಿದಿತ್ತು.

ಬಾಗಿಲು ಮುಚ್ಚಿ ತಿರುಗಿದರೆ ಹಿಂದೆಯೇ ಅವನು. “ಅಕ್ಕಾ, ಇದೊಂದು ಕೇಳು.” ತಲೆಗೆ ಹೆಡ್‌ಫೋನು ಬಿತ್ತು.

ಬರೀ ಗಿಟಾರು, ಅವನ ಗಂಟಲು. ನಾವು ಚಿಕ್ಕವರಿದ್ದಾಗಿನ ಬಾಡಿಗೆ ಮನೆಯ ಮೆಟ್ಟಿಲುಗಳ ಮೇಲಿನ ಹಾಡು. ಯಾರೋ ಒಬ್ಬಾಕೆ ಏಳನೇ ಮೆಟ್ಟಿಲಲ್ಲಿ ನಿಂತು ಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ಉಸಿರೆಳೆದುಕೊಳ್ಳುತ್ತಾಳೆ. ಅಮ್ಮ ಎಂಬ ಮಾತೇ ಅದರಲ್ಲಿಲ್ಲ. ನನ್ನ ಕಣ್ಣು ತುಂಬಿತು, ಅವನಿಗೆ ಕಾಣದಂತೆ ಆಚೆ ತಿರುಗಿ ಒರೆಸಿಕೊಂಡೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನೊಂದು ಹಾಡು ಮಾಡಿದ್ದ, ನಿಜವಾದ ಹಾಡು.

ನಾನು ಹೆಡ್‌ಫೋನು ತೆಗೆದು ಹೇಳಿದೆ: “ಚೆನ್ನಾಗಿಲ್ಲ.”

ಕೂಗಾಡಿದ್ದರೆ ಸಿಟ್ಟಿಗೆ ಹೇಳಿದೆನೆಂದು ಅವನು ತಿಳಿಯುತ್ತಿದ್ದ. ಕೇಕಿನ ಸುದ್ದಿಯನ್ನೇ ಎತ್ತದೆ, ತಣ್ಣಗೆ, ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದೆ. ನೋಯಿಸಬೇಕೆಂದೇ ಹೇಳಿದೆ. ಅವನು ಹೆಡ್‌ಫೋನು ತೆಗೆದುಕೊಂಡು, “ಸರಿ ಅಕ್ಕಾ” ಎಂದು ಕೋಣೆಗೆ ಹೋದ. ಆ ವಾರವೇ ಮೈಕು ಯಾರಿಗೋ ಕೊಟ್ಟುಬಿಟ್ಟ. ಗೋಡೆಯ ಟ್ರೇಗಳನ್ನು ಒಂದೊಂದಾಗಿ ಕಿತ್ತು ಅಡುಗೆಮನೆಯ ಮೂಲೆಯಲ್ಲಿ ಜೋಡಿಸಿಟ್ಟ.

ಕಾಫಿ ಅಂಗಡಿಯವಳೇನು, ಫೋನ್ ಮಾಡಿದರೆ ಇನ್ನೊಂದು ದಿನ ಕೊಟ್ಟಳು. ಹೊಸ ಕೇಕು ಒಯ್ದೆ, ಒಪ್ಪಿದಳು. ಒಂದು ಕೇಕು ಹೋದರೆ ಇನ್ನೊಂದು ಮಾಡಬಹುದು ಎಂಬುದು ಅವತ್ತು ಮಧ್ಯಾಹ್ನ ನನಗೆ ಹೊಳೆದಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಊಟಕ್ಕೆ ಕೂತಾಗ, ತಡೆಯಲಾರದೆ ಹೇಳಿದೆ. “ಆ ಮೆಟ್ಟಿಲಿನ ಹಾಡು ತುಂಬಾ ಚೆನ್ನಾಗಿತ್ತು ಕಣೋ. ಕೇಕ್ ಹಾಳಾಗಿದ್ದಕ್ಕೆ ಹೊಟ್ಟೆ ಉರಿದು ಸುಳ್ಳು ಹೇಳ್ದೆ. ಎಲ್ಲಿದೆ ಅದು? ಇನ್ನೊಂದ್ಸಲ ಹಾಕು, ಕೇಳ್ಬೇಕು.”

“ಅವತ್ತೇ ಅಳಿಸಿಬಿಟ್ಟೆ.”

“ಆಣೆ ಮಾಡಿ ಹೇಳ್ತೀನಿ, ಚೆನ್ನಾಗಿತ್ತು.”

ಅವನು ನಕ್ಕ. ಅದರಲ್ಲಿ ಸಿಟ್ಟಿರಲಿಲ್ಲ.

“ಬಿಡಕ್ಕಾ. ನನ್ನ ಮನಸ್ಸು ನೋಯ್ಬಾರ್ದು ಅಂತ ಹದಿನಾಲ್ಕು ವರ್ಷ ನೀನು ಹೀಗೇ ಹೇಳ್ತಾ ಬಂದೆ. ಒಂದ್ ದಿನನಾದ್ರೂ ನಿಜ ಹೇಳಿದ್ಯಲ್ಲ, ನನಗೆ ಅಷ್ಟು ಸಾಕು.”

ಹಾಗೆಂದು ನನ್ನ ತಟ್ಟೆಗೆ ಅನ್ನ ಬಡಿಸಿ, ತನ್ನ ಊಟ ಮುಂದುವರಿಸಿದ.