ಕಾರಣವಿಲ್ಲದೆ ಜಮಖಂಡಿಗೆ

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರ ತಾಯಿ ತೀರಿಕೊಂಡಿದ್ದರು. ನಮಗೆ ದೂರದ ಸಂಬಂಧ. ಹಾಲವ್ವ ದೊಡ್ಡವ್ವನನ್ನು ಆ ಮನೆಗೆ ಮಾತಾಡಿಸಲು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ಮನಿ ಗೊತ್ತೈತೇನ?" ಎಂದು ಆಕೆ ಬಸ್ಸಿನಲ್ಲೇ ಕೇಳಿದಳು. ಡ್ರಾಯಿಂಗ್ ಮಾಸ್ತರನಿಗೆ ದಿಕ್ಕು ತಪ್ಪುವುದುಂಟೆ ಎಂಬ ಹಮ್ಮಿನಲ್ಲಿ, "ಕಣ್ಣ ಮುಚ್ಚಿ ಹೋಗತೇನಿ" ಎಂದೆ.

ಹೋದದ್ದೂ ಹಾಗೆಯೇ. ಒಂದು ಮನೆಯ ಅಂಗಳದಲ್ಲಿ ಜಮಖಾನ ಹಾಸಿ ಗಂಡಸರು ಸಾಲಾಗಿ ಕೂತಿದ್ದರು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ಇದೇ ಎಂದು ಕೈ ತೋರಿಸಿದೆ. ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದು, ಹೊಸ್ತಿಲ ಮುಂದೆ ಕುಕ್ಕರಿಸಿ, "ನನ್ನ ಹಡದವ್ವಾ, ಒಂದ ಮಾತು ಹೇಳಲಾರದ ಹ್ಯಾಂಗ ಹೋದಿಬೇ!" ಎಂದು ಸ್ವರ ಎತ್ತಿಬಿಟ್ಟಳು. ಒಳಗಿನಿಂದ ಅವಲಕ್ಕಿ ಚೂಡಾದ ತಾಟು ಹಿಡಿದು ಬರುತ್ತಿದ್ದ, ಹೊಸ ಸೀರೆ ಉಟ್ಟ ಹುಡುಗಿ ಬಾಗಿಲಲ್ಲೇ ಕಲ್ಲಾದಳು. ಅದು ಹೆಣ್ಣು ನೋಡುವ ಮನೆ.

ಸಾವಿನ ಮನೆ ಹಿಂದಿನ ಓಣಿಯಲ್ಲಿತ್ತು. ಆ ಸಂಬಂಧ ಕೂಡಿತೋ ಮುರಿಯಿತೋ ವಿಚಾರಿಸುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ದೊಡ್ಡವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಅಳುವುದರಲ್ಲಿ ನಮ್ಮ ಸೀಮೆಗೇ ಹೆಸರಾದವಳು. ಬದುಕಿದ್ದಾಗ ಎಂಥವನೇ ಆಗಿರಲಿ, ಹಾಲವ್ವ ಅತ್ತು ಮುಗಿಸುವಷ್ಟರಲ್ಲಿ ಒಳ್ಳೆಯ ಮನುಷ್ಯನಾಗಿಬಿಡುತ್ತಿದ್ದ. ಅಂಥವಳ ಇಡೀ ಜನ್ಮದ ಕೀರ್ತಿಯನ್ನು ನಾನು ಚೂಡಾದ ತಾಟಿನ ಮುಂದೆ ಕಳೆದಿದ್ದೆ.

ಆಕೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಮಾತಿರಲಿಲ್ಲವಂತೆ. ದೊಡ್ಡಪ್ಪ ಗಿರಮಲ್ಲಪ್ಪ ಮಗ್ಗದ ಕುಣಿಯೊಳಗೆ ಕಾಲಿಟ್ಟರೆ ಹೊರಗೆ ಬರುವ ಪೈಕಿಯಲ್ಲ. ದೊಡ್ಡವ್ವ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತ ಕೂತರೆ ಏಳುವಂತಿಲ್ಲ. ಹಬ್ಬಕ್ಕೆ ತವರಿಗೆ ಹೋಗುತ್ತೇನೆಂದರೆ "ಮಗ್ಗ ನಿಂದರತೈತಿ" ಎಂಬ ಉತ್ತರ. ಆದರೆ ಯಾರಾದರೂ ಸತ್ತರೆ ಮಾತ್ರ ಮಗ್ಗ ನಿಲ್ಲಬಹುದಿತ್ತು. ದೊಡ್ಡಪ್ಪನಿಗೆ ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲ ಸಾವುಗಳೂ ದೊಡ್ಡವ್ವನ ಪಾಲಿಗೆ ಬಂದವು. ಮುಧೋಳ, ಬೀಳಗಿ, ಜಮಖಂಡಿ, ಕೃಷ್ಣೆಯಾಚೆಯ ಊರುಗಳು, ಎಲ್ಲ ಕಡೆಯೂ ಹೋದಳು. ಅತ್ತಳು, ಬಂದಳು. ಸಾವಿನ ಮನೆಗೆ ಹೋದವರು ಅಲ್ಲಿಂದ ಮತ್ತೊಂದು ಮನೆಯ ಮೆಟ್ಟಿಲು ಹತ್ತಬಾರದು, ಪೇಟೆಯಲ್ಲಿ ನಿಲ್ಲಬಾರದು. ಬಂದ ದಾರಿ ಹಿಡಿದು ಬಂದು, ಹಿತ್ತಲಲ್ಲಿ ಮೈ ತೊಳೆದೇ ಒಳಗೆ ಕಾಲಿಡಬೇಕು.

ರಬಕವಿ ಹತ್ತಿರವಾದಾಗ ಆಕೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು: "ನನ್ನಷ್ಟ ತಿರಗಿದಾಕಿ ನಮ್ಮ ಪೈಕಿ ಯಾರೂ ಇಲ್ಲೋ. ಆದರ ಒಂದ ಊರಾಗರ ಕಣ್ಣ ತೆರದು ನೋಡೇನೇನ? ಒಂದ ಮಾತ ಹೇಳತೇನಿ, ಯಾರ ಮುಂದನೂ ಅನಬ್ಯಾಡ. ಹರೇದಾಗ ಸತ್ತ ಸುದ್ದಿ ಬಂತಂದ್ರ ನನ್ನ ಎದಿಯಾಗ ಒಂದೀಟ ಖುಷಿ ಆಗತಿತ್ತು. ಬಸ್ಸಿನ್ಯಾಗ ಕುಂಡರೂದ ಬಂತಲ್ಲಾ ಅಂತ. ಅವರ ಮನ್ಯಾಗ ಹೆಣ, ನನಗ ಬಸ್ಸಿನ ಖುಷಿ. ಅದಕ್ಕ ಅಷ್ಟ ಜೋರಾಗಿ ಅಳತಿದ್ದೆ."

ನನ್ನ ಮೇಲೆ ಬೆಳಗಿನ ತಪ್ಪಿನ ಭಾರ ಇತ್ತು. ಇಂಥ ಹೊತ್ತಿನಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಮಾತು ಕೊಡುತ್ತದೆ. "ದೊಡ್ಡವ್ವಾ, ಬ್ಯಾಸಗಿ ಸೂಟಿಯೊಳಗ ನಿನ್ನ ಮೂರು ದಿನ ಜಮಖಂಡಿಗೆ ಕರಕೊಂಡ ಹೋಗತೇನಿ. ಲಾಜಿನ್ಯಾಗ ಇರೂಣು. ಅಲ್ಲಿಂದ ಸುತ್ತಮುತ್ತ ನೋಡೂಣು."

"ಯಾರ ಸತ್ತಾರ?" ಎಂದಳು.

"ಯಾರೂ ಸತ್ತಿಲ್ಲಬೇ. ಸುಮ್ನ."

"ಸುಮ್ನ?" ಆ ಶಬ್ದವನ್ನು ಆಕೆ ಬಾಯಲ್ಲಿ ಹುಣಸೇಬೀಜದ ಹಾಗೆ ಹೊರಳಿಸಿ ನೋಡಿದಳು.

ಯೋಜನೆ ಹಾಕುವುದರಲ್ಲಿ ನನ್ನ ಕೈ ದೊಡ್ಡದು. ನಮ್ಮ ಮನೆಯ ಮಾಳಿಗೆ ಹತ್ತು ವರ್ಷದಿಂದ ನನ್ನ ಹಾಳೆಯ ಮೇಲೆ ಬಹಳ ಚಂದ ನಿಂತಿದೆ. ಅದೇ ಉತ್ಸಾಹದಲ್ಲಿ ಬಣ್ಣದ ಪೆನ್ಸಿಲಿನಿಂದ ಪ್ರವಾಸದ ನಕಾಶೆ ಬರೆದೆ. ನಡುವೆ ಜಮಖಂಡಿ, ಅದರ ಪಕ್ಕ ರಾಮತೀರ್ಥದ ಗುಡ್ಡಕ್ಕೆ ಹಸಿರು, ಕೃಷ್ಣೆಗೆ ನೀಲಿ, ಬಸ್ಸಿನ ದಾರಿಗೆ ಕೆಂಪು. ಆಕೆಯ ಮುಂದೆ ಹರಡಿ, "ಇದು ಮುಧೋಳ" ಎಂದೆ.

"ಗಂಗವ್ವನ ಮಾವ ಸತ್ತ ಊರು" ಎಂದಳು.

"ಇದು ಬೀಳಗಿ. ಇಲ್ಲಿ ಹಳೇ ಬಾವಿ ಭಾಳ ಚಂದ ಐತಂತ."

"ಬೀಳಗಿ ಒಲ್ಲೆ. ಅಲ್ಲಿ ನಮ್ಮ ಅತ್ತಿ ತಂಗಿ ಸತ್ತಾಗ ನನಗ ಚಳಿಜ್ವರ, ಹೋಗಲಿಲ್ಲ. ಸತ್ತಾಗ ಹೋಗದಾಕಿ ಮೋಜಿಗೆ ಹೋಗಿ ನಿಂತ್ರ ಯಾವ ಮಾರಿ ತೋರಸಲಿ?"

ಬೀಳಗಿಯನ್ನು ರಬ್ಬರಿನಿಂದ ಅಳಿಸಿದೆ. ಉಳಿದದ್ದು ಚಿಕ್ಕಪಡಸಲಗಿ. ಅಲ್ಲಿ ರೈತರು ತಾವೇ ಕೂಡಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿ ಒಂದೆರಡು ವರ್ಷವಾಗಿತ್ತು. ದೊಡ್ಡವ್ವ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. "ಹರಿಯೂ ಹೊಳಿನ ನಮ್ಮಂಥಾ ಮನಶ್ಯಾರ ನಿಂದರಿಸ್ಯಾರಂತ. ಆ ಒಡ್ಡ ಒಮ್ಮಿ ನೋಡಬೇಕೋ. ಅಲ್ಲಿ ನಮ್ಮವರ್ಯಾರೂ ಸತ್ತಿಲ್ಲ."

ಹೀಗೆ ಯೋಜನೆ ನಿಂತಿತು. ಆದರೆ ನಮ್ಮ ಓಣಿಯಲ್ಲಿ ಕೈಚೀಲ ಹಿಡಿದು ಹೊರಬಿದ್ದವರು ಕಾರಣ ಹೇಳದೆ ಮೂಲೆ ದಾಟಿದ ಉದಾಹರಣೆ ಇಲ್ಲ. ಹೊರಟ ದಿನ ಪಕ್ಕದ ಮನೆಯ ಸಾತವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು.

"ಎಲ್ಲಿಗೆ ಹೊಂಟೀಬೇ ಹಾಲವ್ವಾ, ಇಲಕಲ್ ಸೀರಿ ಉಟ್ಕೊಂಡು?"

"ಜಮಖಂಡಿಗೆ."

"ಯಾಕ?"

ನಾನು ದೊಡ್ಡವ್ವನ ಮುಖ ನೋಡಿದೆ. ಆಕೆ "ಸುಮ್ನ" ಎನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ಶಬ್ದ ಬರಲಿಲ್ಲ. ಅದರ ಬದಲು, "ನಮ್ಮ ಕಾಕಾನ ಮಗ ಅಣ್ಣಾಸಾಹೇಬಗ ಆರಾಮಿಲ್ಲ. ನೋಡಿ ಬರತೇನಿ" ಎಂಬ ಮಾತು ಬಂದಿತು.

"ಅಯ್ಯ ಶಿವನ! ಭಾಳ ಐತೇನ?"

"ಐತಿ" ಎಂದು ದೊಡ್ಡವ್ವ ಸೆರಗು ಬಾಯಿಗೆ ತಂದಳು. ರೂಢಿಯ ಕೈ, ತಾನಾಗಿ ಹೋಯಿತು.

ಅಣ್ಣಾಸಾಹೇಬರಿಗೆ ಜಮಖಂಡಿಯಲ್ಲಿ ಹೊಲ, ಮನೆ ಎರಡೂ ಉಂಟು. ಎಪ್ಪತ್ತು ದಾಟಿದರೂ ತೊಟ್ಟಿಯಿಂದ ಕೊಡ ತುಂಬಿ ಎತ್ತುಗಳಿಗೆ ನೀರು ಕುಡಿಸುವ ಮನುಷ್ಯ. ಬಸ್ಸು ಹತ್ತಿದ ಮೇಲೆ ಕೇಳಿದೆ: "ಅವರ ಹೆಸರ ಯಾಕ ತಗೊಂಡಿಬೇ?"

"ಜಡ್ಡಿನವರ ಹೆಸರ ತಗೊಂಡ್ರ ಸತ್ತಗಿತ್ತಾರು. ಅಂವ ಕಲ್ಲಗುಂಡ. ಅಂವಗ ನನ್ನ ಬಾಯಿ ತಾಕೂದಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ತಾಕೂದಿಲ್ಲ ಅಲ್ಲಾ?" ಎಂದಳು.

ಜಮಖಂಡಿಯಲ್ಲಿ ಅವರ ಮನೆಯಿದ್ದೂ ನಾವು ಲಾಜಿಗೆ ಹೋದೆವು. ನಮ್ಮ ಕಡೆ ಇದು ಸಣ್ಣ ಅಪರಾಧವಲ್ಲ. ರಕ್ತಸಂಬಂಧಿಯ ಊರಲ್ಲಿ ಲಾಜಿನಲ್ಲಿ ಉಳಿದವರು ಸಿಕ್ಕಿಬಿದ್ದರೆ ಮದುವೆಯ ಪತ್ರಿಕೆ ಬರುವುದು ನಿಲ್ಲುತ್ತದೆ. ಲಾಜಿನ ಮ್ಯಾನೇಜರು "ಏನ ಕೆಲಸಕ್ಕ ಬಂದೀರಿ?" ಎಂದು ಕೇಳಿದ. "ಪ್ರವಾಸ" ಎನ್ನಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡವ್ವ, "ಆರಾಮಿಲ್ಲದವರನ್ನ ನೋಡಾಕ" ಎಂದು ಮುಗಿಸಿದಳು. ಆತ ಮರುಗಿ ಫ್ಯಾನು ಇರುವ ಖೋಲಿ ಕೊಟ್ಟ. ಅದರ ಗಾಳಿಗೆ ನಮಗೆ ಸುಖವಾಗಲಿಲ್ಲ.

ಸಂಜೆ ರಾಮತೀರ್ಥದ ಗುಡ್ಡ ಹತ್ತಿದೆವು. ಬಸ್ಸಿನ ಕಿಟಕಿಯಿಂದ ಜನ್ಮವೆಲ್ಲ ನೋಡಿದ ಗುಡ್ಡದ ಮೇಲೆ ಕೊನೆಗೂ ಕೂತು, ದೊಡ್ಡವ್ವ ಚಪ್ಪಲಿ ಬಿಟ್ಟು ಪಾದಕ್ಕೆ ಗಾಳಿ ಕೊಟ್ಟಳು. ಊರೆಲ್ಲ ಕೆಳಗೆ ಹರಡಿತ್ತು. ಆಕೆಯ ಮುಖದಲ್ಲಿ ನಾನೆಂದೂ ಕಾಣದ ಹುಡುಗಿಯೊಬ್ಬಳು ಬಂದು ಕೂತಳು. ನನ್ನ ಪಾಪ ಅರ್ಧ ಕಳೆಯಿತೆಂದುಕೊಂಡೆ.

"ಅದು ಅಣ್ಣಾನ ಓಣಿ ಅಲ್ಲನ?" ಎಂದಳು.

"ಇರಬಹುದು."

"ಹೊಗಿ ಏಳಾಕತ್ತೇತಿ ನೋಡು."

"ಅಡಗಿ ಮಾಡಾಕತ್ತಿರಬೇಕು."

"ಇಷ್ಟ ಲಗೂನ? ಹೊತ್ತ ಮುಣಗಿಲ್ಲ ಇನ್ನ." ಮುಖದಲ್ಲಿ ಕೂತಿದ್ದ ಹುಡುಗಿ ಎದ್ದು ಹೋದಳು. "ನಡಿ ಇಳಿಯೂಣು."

ಮರುದಿನ ಮುಧೋಳ. ಅಲ್ಲಿಯ ಹೆಸರಾಂತ ಬೇಟೆನಾಯಿಯನ್ನು ತೋರಿಸಬೇಕೆಂದು ಒಬ್ಬರ ಹೊಲಕ್ಕೆ ಹೋದೆವು. ಉದ್ದ ಕಾಲಿನ, ಹೊಟ್ಟೆ ಬೆನ್ನಿಗಂಟಿದ ನಾಯಿ ಹುಣಸೆ ಮರದ ಕೆಳಗೆ ರಾಜನಂತೆ ಕೂತಿತ್ತು. ಒಡೆಯ ಅದರ ವಂಶದ ಹಿರಿಮೆ ಹೇಳುತ್ತಿದ್ದ. ದೊಡ್ಡವ್ವ ನಡುವೆ ಬಾಯಿ ಹಾಕಿ, "ಎಷ್ಟ ಸೊರಗೇತೋ ಯಪ್ಪಾ. ಹೊಟ್ಟಿಗೆ ಹೋಗವಲ್ದೇನ ಇದಕ್ಕ?" ಎಂದಳು. ಒಡೆಯನ ಮುಖ ಸಣ್ಣದಾಯಿತು. ನಾಯಿಯ ಮುಖ ಮೊದಲೇ ಸಣ್ಣದು. "ಅಣ್ಣಾನೂ ಈಗ ಹಿಂಗ ಆಗಿರಬೇಕು" ಎಂದು ಆಕೆ ನನಗಷ್ಟೇ ಕೇಳುವಂತೆ ಹೇಳಿದಳು. ಆಕೆಗೆ ಮುಧೋಳ ಕಾಣಲಿಲ್ಲ. ಊಟದಲ್ಲಿ ಖಡಕ್ ರೊಟ್ಟಿ ಮುರಿದು ಹಾಗೇ ಇಟ್ಟಳು. "ನನ್ನ ಬಾಯಿ ಛಲೋ ಅಲ್ಲ. ಸಾವಿನ ಮನ್ಯಾಗ ಪಳಗಿದ ಬಾಯಿ. ಮೊದಲನೇ ಸಲ ಸುಮ್ನ ತಿರಗಾಕ ಬಂದೆ, ಅದೂ ಒಬ್ಬನ್ನ ಜಡ್ಡಿಗೆ ಹಾಕಿ ಬಂದೆ."

ನಾನು ಸಮಾಧಾನ ಹೇಳಬೇಕಿತ್ತು. ಆದರೆ ಹಿಂದಿನ ರಾತ್ರಿಯಿಂದ ನನಗೂ ಅದೇ ಹೆದರಿಕೆ. ಕಲಿತವನಾದ್ದರಿಂದ ಅದನ್ನು ಅಜೀರ್ಣ ಎಂದು ಕರೆದುಕೊಂಡಿದ್ದೆ.

ಮಧ್ಯಾಹ್ನ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಎದುರಿಗೆ ಬನಹಟ್ಟಿಯ ಬಸ್ಸು ಬಂದು ನಿಂತಿತು. ಮೊದಲು ಇಳಿದವಳು ಸಾತವ್ವ, ಕೈಯಲ್ಲಿ ಮೋಸಂಬಿ. ಹಿಂದೆ ನಮ್ಮ ಓಣಿಯ ಅರ್ಧ ಜನ, ಒಬ್ಬೊಬ್ಬರ ಕೈಯಲ್ಲಿ ಗ್ಲುಕೋಸ್ ಬಿಸ್ಕಿಟು. ನಾನು ಕಬ್ಬಿನ ಹಾಲಿನ ಗಾಣದ ಹಿಂದೆ ಅಡಗಿದೆ. ಗಾಣದವನು "ಎಷ್ಟ ಗ್ಲಾಸ್ರಿ?" ಎಂದು ಕೂಗಿದ.

"ಹೊಂಟ್ರಲ್ಲೋ, ಅಣ್ಣಾನ ಮನಿಗೇ ಹೊಂಟ್ರು!" ದೊಡ್ಡವ್ವ ನನ್ನ ತೋಳು ಹಿಡಿದಳು.

"ದೊಡ್ಡವ್ವಾ, ಲಾಜಿಗೆ ಹೋಗಿ ಚೀಲ ತಗೊಂಡು ಹಂಗ ಊರಿಗೆ ಹೋಗಿಬಿಡೂಣು."

"ಒಡ್ಡ ನೋಡಲಾರದ? ಅದಕ್ಕ ಹೇಳಿದ ಸುಳ್ಳು ಅದು. ಒಡ್ಡನೂ ಇಲ್ಲ, ಅಣ್ಣಾನೂ ಇಲ್ಲ ಅಂದ್ರ ಪಾಪ ಅಷ್ಟ ನನಗ ಉಳೀತು. ನಡಿ, ಅವನ ಕಾಲ ಹಿಡೀತೇನಿ."

ಅಣ್ಣಾಸಾಹೇಬರ ಮನೆಯ ಮುಂದೆ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಜನವೋ ಜನ. ನಡುವೆ ಮಂಚದ ಮೇಲೆ, ಆ ಬೇಸಿಗೆಯಲ್ಲಿ, ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು ಅಣ್ಣಾಸಾಹೇಬರು ಮಲಗಿದ್ದರು. ಸಾತವ್ವ ಗಾಳಿ ಬೀಸುತ್ತಿದ್ದಳು. ನಮ್ಮನ್ನು ನೋಡಿ ಎಲ್ಲರೂ ದಾರಿ ಬಿಟ್ಟರು. ಮೊದಲು ಬಂದವಳು ಹಾಲವ್ವನೇ ಎಂದು ಅವರ ತಿಳುವಳಿಕೆ.

ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಶಿವಗಂಗವ್ವ ನಿಂತಿದ್ದಳು. "ನೀನರ ಹೇಳ ಹಾಲವ್ವಾ. ಮುಂಜಾನೆ ನಾಕ ರೊಟ್ಟಿ ತಿಂದಾನ ಈ ಮುದುಕ. ನಿನ್ನಿ ರಾತ್ರಿ ನಿಮ್ಮೂರಿನ ದಲಾಲಿ ಒಬ್ಬ ಬಂದು 'ಹ್ಯಾಂಗದೀರಿ' ಅಂತ ಅತ್ತ. ಆಗಿನಿಂದ ಸುರು ಆತ ನೋಡು. 'ನನಗೇನೂ ಆಗಿಲ್ಲ' ಅಂತ ಇಂವ ಒದರಿದ. ಹಂಗ ಅನ್ನೂದನ ಜಡ್ಡಂತ ಅವರು! ಚಾ ಕಾಸಿ ಕಾಸಿ ನಾ ಸಾಯಾಕತ್ತೇನಿ, ನನ್ನ ಯಾರೂ ಕೇಳವಲ್ರು."

ದೊಡ್ಡವ್ವ ಮಂಚದ ಹತ್ತಿರ ಹೋಗಿ, "ಜಡ್ಡಿನವಗ ಗಾಳಿ ಬಿಡ್ರಿ, ಎಲ್ಲಾರೂ ಹೊರಗ ಕುಂಡರ್ರಿ" ಎಂದಳು. ಇಂಥ ವಿಷಯದಲ್ಲಿ ಆಕೆಯ ಮಾತಿಗೆ ಎದುರಿಲ್ಲ. ಎಲ್ಲರೂ ಕಟ್ಟೆಗೆ ಹೋದರು. ನಾನು ಗೋಡೆಗೆ ಅಂಟಿಕೊಂಡೆ.

ಆಕೆ ನೆಲಕ್ಕೆ ಕೂತು ಮಂಚದ ಕಾಲು ಹಿಡಿದಳು. "ತಪ್ಪಾತೋ ಅಣ್ಣಾ. ನಿನ್ನ ಜಡ್ಡಿಗೆ ಹಾಕಿದಾಕಿ ನಾನ. ಊರ ನೋಡಬೇಕಂತ ಆಸೆ ಆತು. ಸುಮ್ನ ಹೊಂಟೇನಿ ಅನ್ನಾಕ ಬಾಯಿ ಬರಲಿಲ್ಲ, ನಿನ್ನ ಹೆಸರ ಹೇಳಿದೆ. ಇಲ್ಲೇ ಲಾಜಿನ್ಯಾಗ ಇದ್ದೇವಿ. ಹೊಡೀತಿದ್ರ ಹೊಡಿ." ಅಳು ಬಂತು. ಜನ್ಮವೆಲ್ಲ ಸ್ವರ ಎತ್ತಿ ಅತ್ತವಳು ಈಗ ಸಪ್ಪಳವಿಲ್ಲದೆ ಅತ್ತಳು. ಪದವೂ ಇಲ್ಲ, ರಾಗವೂ ಇಲ್ಲ. ನನಗೆ ನೋಡಲಾಗದೆ, "ತಪ್ಪು ನಂದ್ರಿ, ಕರಕೊಂಡ ಬಂದಾಂವ ನಾನು" ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಅಣ್ಣಾಸಾಹೇಬರು ಕಂಬಳಿಯಿಂದ ಕತ್ತು ಹೊರಗೆ ಚಾಚಿ ಬಾಗಿಲ ಕಡೆ ನೋಡಿದರು. "ಸಣ್ಣಗ ಮಾತಾಡಬೇ. ಹೊರಗ ಭೀಮಪ್ಪ ಅದಾನ."

"ಯಾವ ಭೀಮಪ್ಪ?"

"ಬದುವಿನ ಜಗಳದಾಗ ನನ್ನ ಕೂಡ ಮಾತ ಬಿಟ್ಟಾಂವ, ನನ್ನ ಜೀವದ ಗೆಳ್ಯಾ. ಎಷ್ಟ ವರ್ಷ ಆತೋ ನನಗ ನೆನಪಿಲ್ಲ. ನಾ ಹ್ವಾದ್ರ ಅಂವ ಎದ್ದ ಹೋಗತಿದ್ದ. ಇವತ್ತ ಮುಂಜಾನೆ ಅಂವನ ಬಂದ, ಕಲ್ಲಂಗಡಿ ಹಣ್ಣ ಹೊತಗೊಂಡು. ಕಾಲ ಒತ್ತಿದ. ನಾಳೆನೂ ಬರತೇನಂದಾನ." ಕಂಬಳಿಯೊಳಗೆ ಅವರು ಬೆವರಿನಿಂದ ತೊಯ್ದು ತೊಪ್ಪೆಯಾಗಿದ್ದರು. "ನಾ ಏಳಾಕ ಒಲ್ಲೆ ಅಂತಲ್ಲ. ಎದ್ರ ಅಂವಗ ಹ್ಯಾಂಗ ಅನಸಬ್ಯಾಡ? ಆದರ ಮಲಗಿ ಮಲಗಿ ಬೆನ್ನ ಹೊಂಟೇತಿ. ಸುಳ್ಳ ಹುಟ್ಟಿಸಿದಾಕಿ ನೀ, ನೀನ ಹೇಳು. ಇನ್ನ ಎಲ್ಲೀತನಕ ನಾ ಹಿಂಗ ಬೀಳಬೇಕು?"

ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜಾರಿದ ಕಂಬಳಿಯನ್ನು ಎಳೆದು ಅವರ ಗದ್ದದವರೆಗೆ ಹೊಚ್ಚಿ, ಅಂಚು ಸರಿಮಾಡಿದಳು.

"ನಾಳೆ ನಾ ಪಡಸಲಗಿ ಒಡ್ಡ ನೋಡಿ ಬರೂತನಕ."